ದುಡಿಮೆ, ದಣಿವು ಮತ್ತು ಕಾಫಿ



ಯಲಹಂಕ–ದೊಡ್ಡಬಳ್ಳಾಪುರ ರಸ್ತೆಯ ರಾಜಾನುಕುಂಟೆಯಲ್ಲಿ ಮುಂಜಾನೆ ಬರಿಹೊಟ್ಟೆಗೆ ಒಂದು ಲೋಟ ಕಾಫಿ ಕುಡಿದು, ಗುದ್ದಲಿ ಹೆಗಲಿಗೇರಿಸಿ ತೋಟಕ್ಕೆ ಹೊರಡುವವರುಂಟು. ಕಾಫಿ ಮೈಗೆ ಶಕ್ತಿ ಕೊಡುತ್ತದೆಂಬುದು ನಮ್ಮಲ್ಲಿ ಅನೇಕರ ನಂಬಿಕೆ. ಇದು ಎಷ್ಟರಮಟ್ಟಿಗೆ ನಿಜವೆಂದು ನೋಡೋಣ.

ಕೆಫೀನ್ ಮಾಡುವುದೇನು?

ಕಾಫಿ, ಟೀಗಳಲ್ಲಿ ಕೆಫೀನ್ ಎಂಬ ಉತ್ತೇಜಕ ವಸ್ತುವಿದೆ. ನಾವು ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಎಂಬ ವಸ್ತು ಕೂಡುತ್ತಾ ಹೋಗಿ, 'ದಣಿವಾಗಿದೆ, ಮಲಗು' ಎಂಬ ಸೂಚನೆ ನೀಡುತ್ತದೆ. ಅಡೆನೋಸಿನ್ ಕೂರಬೇಕಾದ ಜಾಗದಲ್ಲಿ ಕೆಫೀನ್ ಕುಳಿತು ಆ ಸೂಚನೆಯನ್ನು ತಡೆಯುತ್ತದೆ. ದಣಿವು ತಿಳಿಯದಾಗುತ್ತದೆಯೇ ಹೊರತು ನೀಗುವುದಿಲ್ಲ. ಎತ್ತಿಗೆ ಮೇವು ಹಾಕದೆ ಬಾರುಕೋಲು ಬೀಸಿದರೆ ಅದು ನಾಲ್ಕು ಹೆಜ್ಜೆ ಬೇಗ ನಡೆದೀತು. ಆದರೆ ಅದರ ಹೊಟ್ಟೆ ತುಂಬದು. ಸ್ನಾಯುಗಳಿಗೆ ಬೇಕಾದ ಶಕ್ತಿ ಆಹಾರದಿಂದಲೇ ಬರಬೇಕು.

ದುಡಿಯುವ ದೇಹದ ಮೇಲೆ ಪರಿಣಾಮ

ಕುಡಿದ 30ರಿಂದ 60 ನಿಮಿಷಗಳಲ್ಲಿ ಕೆಫೀನ್ ರಕ್ತದಲ್ಲಿ ಗರಿಷ್ಠ ಮಟ್ಟ ಮುಟ್ಟುತ್ತದೆ. ಆಗ ಚುರುಕು ಹೆಚ್ಚುತ್ತದೆ. ದೀರ್ಘಕಾಲದ ಶ್ರಮವನ್ನು ತಾಳುವ ಶಕ್ತಿಯೂ ಸ್ವಲ್ಪ ಹೆಚ್ಚುವುದುಂಟು. ಜೊತೆಗೆ ಕೆಲ ಹೊತ್ತು ರಕ್ತದೊತ್ತಡ ಏರಬಹುದು. ಅಗೆತ, ಹೊರೆ ಹೊರುವುದು ಮುಂತಾದ ಶ್ರಮದ ಕೆಲಸಗಳು ಸಹ ಎದೆಬಡಿತ, ರಕ್ತದೊತ್ತಡಗಳನ್ನು ಏರಿಸುತ್ತವೆ. ಆದುದರಿಂದ ರಕ್ತದೊತ್ತಡ ಅಥವಾ ಹೃದಯದ ತೊಂದರೆಯಿರುವವರು ವೈದ್ಯರ ಸಲಹೆ ಪಡೆಯುವುದು ಅಗತ್ಯ.

ದೇಹದಲ್ಲಿರುವ ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು. ರಾತ್ರಿ ಕರೆಂಟು ಬಂದಾಗ ನೀರು ಹಾಯಿಸಲೆಂದು ಮೇಲಿಂದ ಮೇಲೆ ಕಾಫಿ ಕುಡಿದವರಿಗೆ ಮನೆಗೆ ಬಂದ ಮೇಲೂ ನಿದ್ದೆ ಹತ್ತದಿರುವುದು ಈ ಕಾರಣದಿಂದಲೇ. ನಿದ್ದೆಗೆಟ್ಟು ಮರುದಿನ ಟ್ರ್ಯಾಕ್ಟರ್ ಅಥವಾ ಒಕ್ಕಣೆ ಯಂತ್ರದ ಬಳಿ ನಿಲ್ಲುವುದು ಅಪಾಯಕರ.

ಎಷ್ಟು ಕುಡಿಯಬಹುದು?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯಂತೆ ದಿನಕ್ಕೆ 300 ಮಿ.ಗ್ರಾಂ. ಕೆಫೀನ್ ಮೀರಬಾರದು. 150 ಮಿ.ಲೀ. ಪಾನೀಯದಲ್ಲಿರುವ ಪ್ರಮಾಣ ಹೀಗಿದೆ:

ಪುಡಿಯಿಂದ ಇಳಿಸಿದ ಕಾಫಿ: 80–120 ಮಿ.ಗ್ರಾಂ.
ದಿಢೀರ್ ಕಾಫಿ: 50–65 ಮಿ.ಗ್ರಾಂ.
ಟೀ: 30–65 ಮಿ.ಗ್ರಾಂ.

ಚಿಕೋರಿಯಲ್ಲಿ ಕೆಫೀನ್ ಇಲ್ಲ. ರೊಬಸ್ಟಾ ಬೀಜದಲ್ಲಿ ಅರೇಬಿಕಾದ ಸುಮಾರು ಎರಡರಷ್ಟಿದೆ.

ಅನುಸರಿಸಬೇಕಾದ ಕ್ರಮಗಳು

1. ಶ್ರಮದ ಕೆಲಸಕ್ಕೆ ಮುನ್ನ ರಾಗಿ ಅಂಬಲಿಯನ್ನಾಗಲಿ ತಿಂಡಿಯನ್ನಾಗಲಿ ಸೇವಿಸಿರಿ. ಕಾಫಿಯೊಂದನ್ನೇ ನಂಬಬೇಡಿರಿ.

2. ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ನಂತರ ಕಾಫಿ, ಟೀ ಬೇಡ. ಅವುಗಳಲ್ಲಿನ ಟ್ಯಾನಿನ್, ಮುದ್ದೆ ಮತ್ತು ಸೊಪ್ಪಿನಲ್ಲಿರುವ ಕಬ್ಬಿಣಾಂಶ ರಕ್ತಕ್ಕೆ ಸೇರದಂತೆ ತಡೆಯುತ್ತದೆ. ರಕ್ತಹೀನತೆಯಿರುವ ಹೆಣ್ಣುಮಕ್ಕಳು ಇದನ್ನು ತಪ್ಪದೆ ಪಾಲಿಸಬೇಕು.

3. ಬಿಸಿಲಿನಲ್ಲಿ ದುಡಿಯುವಾಗ ಬಾಯಾರಿಕೆಗೆ ಕಾಯದೆ ಆಗಾಗ್ಗೆ ನೀರು, ಉಪ್ಪು ಬೆರೆಸಿದ ಮಜ್ಜಿಗೆ ಕುಡಿಯಿರಿ.

4. ಮಧ್ಯಾಹ್ನದ ನಂತರ ಕಾಫಿ ಕಡಿಮೆ ಮಾಡಿರಿ. ಒಮ್ಮೆಲೇ ಬಿಟ್ಟರೆ ತಲೆನೋವು ಬರಬಹುದು. ದಿನೇ ದಿನೇ ಇಳಿಸಿರಿ.

5. ಕೆಲಸದ ನಡುವೆ ಎದೆನೋವು ಕಾಣಿಸಿದರೆ ಕೂಡಲೇ ಕೆಲಸ ನಿಲ್ಲಿಸಿ ಆಸ್ಪತ್ರೆಗೆ ಹೋಗಿರಿ. ಕಾಫಿ ಕುಡಿದು ಸುಧಾರಿಸಿಕೊಳ್ಳುವ ಪ್ರಯತ್ನ ಬೇಡ.

ಹಿತಮಿತವಾಗಿ ಕುಡಿದ ಕಾಫಿಯಿಂದ ಆರೋಗ್ಯವಂತರಿಗೆ ಹಾನಿಯಿಲ್ಲ. ಆದರೆ ದಣಿದ ಮೈಗೆ ಬೇಕಾದದ್ದು ಊಟ, ನೀರು ಮತ್ತು ನಿದ್ದೆ ಎಂಬುದನ್ನು ಮರೆಯದಿರಿ.