ಕುಕ್ಕರಿನ ಕೂಗು ಗಡಿಯಾರವೆ?

ತೊಗರಿಬೇಳೆ ಬೇಯಲು ಎಷ್ಟು ಹೊತ್ತು ಬೇಕೆಂದು ನಮ್ಮ ಯಾವ ಅಡುಗೆಮನೆಯಲ್ಲಿ ವಿಚಾರಿಸಿದರೂ ಉತ್ತರವು ನಿಮಿಷಗಳ ಲೆಕ್ಕದಲ್ಲಿ ಬರುವುದಿಲ್ಲ. ಕೂಗುಗಳ ಲೆಕ್ಕದಲ್ಲಿ ಬರುತ್ತದೆ. ಒಬ್ಬರು ಮೂರು ಕೂಗು ಸಾಕೆನ್ನುತ್ತಾರೆ. ಐದಕ್ಕಿಂತ ಕಡಿಮೆಯಾದರೆ ಬೇಳೆ ಕರಗುವುದೇ ಇಲ್ಲವೆಂದು ಪಕ್ಕದ ಮನೆಯವರು ವಾದಿಸುತ್ತಾರೆ. ಇಬ್ಬರ ಮಾತೂ ಅನುಭವದಿಂದ ಬಂದದ್ದೇ. ಹಾಗಾದರೆ ಒಂದೇ ಬೇಳೆಗೆ ಎರಡು ಕಾಲಮಾನಗಳು ಹೇಗೆ ಉಂಟಾದವು? ಉರಿ ದೊಡ್ಡದಾದಷ್ಟೂ ಅಡುಗೆ ಬೇಗ ಆಗುವುದೆಂಬ ಮತ್ತೊಂದು ನಂಬಿಕೆಯೂ ಇದರ ಜೊತೆಗೇ ಬೆಳೆದುಬಂದಿದೆ. ಇವೆರಡನ್ನೂ ಒರೆಗೆ ಹಚ್ಚಬೇಕಾದರೆ ಮೊದಲು ತೆರೆದ ಪಾತ್ರೆಯಲ್ಲಿ ಕುದಿಯುವ ನೀರನ್ನು ನೋಡಬೇಕು.

ಕಾದ ನೀರಿನ ಆವಿಯ ಒತ್ತಡವು ಅದರ ಮೇಲಿರುವ ವಾಯುವಿನ ಒತ್ತಡಕ್ಕೆ ಸಮನಾದಾಗ ನೀರಿನ ಒಡಲಿನಲ್ಲಿಯೇ ಗುಳ್ಳೆಗಳು ಹುಟ್ಟಿ ಮೇಲೇಳುತ್ತವೆ. ಇದನ್ನೇ ನಾವು ಕುದಿಯುವುದೆಂದು ಕರೆಯುತ್ತೇವೆ. ಸಮುದ್ರತೀರದ ಮಂಗಳೂರಿನಲ್ಲಿ ಇದು 100 ಡಿಗ್ರಿ ಸೆಂಟಿಗ್ರೇಡಿನಲ್ಲಿ ನಡೆಯುತ್ತದೆ. ಸುಮಾರು 900 ಮೀಟರು ಎತ್ತರದ ಬೆಂಗಳೂರಿನಲ್ಲಿ ವಾಯುವಿನ ಒತ್ತಡ ಕಡಿಮೆಯಾದುದರಿಂದ 97 ಡಿಗ್ರಿಗೇ ನೀರು ಕುದಿಯುತ್ತದೆ, ಮಡಿಕೇರಿಯಲ್ಲಿ 96ಕ್ಕೆ, 3,500 ಮೀಟರು ಎತ್ತರದ ಲೇಹ್ ಪಟ್ಟಣದಲ್ಲಿ ಸುಮಾರು 88ಕ್ಕೆ. ಒಮ್ಮೆ ಕುದಿಯಲು ತೊಡಗಿದ ಮೇಲೆ ಉರಿಯನ್ನು ಎಷ್ಟು ಹೆಚ್ಚಿಸಿದರೂ ನೀರಿನ ಉಷ್ಣತೆ ಏರುವುದಿಲ್ಲ. ಹೆಚ್ಚಿಗೆ ಕೊಟ್ಟ ಶಾಖವೆಲ್ಲವೂ ನೀರನ್ನು ಆವಿಯಾಗಿ ಮಾರ್ಪಡಿಸುವುದರಲ್ಲಿ ವೆಚ್ಚವಾಗಿಹೋಗುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 540 ಕ್ಯಾಲೊರಿಗಳಷ್ಟು ಗುಪ್ತೋಷ್ಣ ಬೇಕೆಂಬುದನ್ನು ವಿದ್ಯಾರ್ಥಿಗಳು ಪಾಠದಲ್ಲಿ ಓದಿರುತ್ತಾರೆ. ಈ ಸಂಖ್ಯೆಯನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬೇಯುವುದಾದರೋ ಒಂದು ರಾಸಾಯನಿಕ ಕ್ರಿಯೆ. ಕಾಳಿನ ಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಕರಗಬೇಕು, ಒಳಗಿನ ಪಿಷ್ಟ ನೀರು ಕುಡಿದು ಉಬ್ಬಬೇಕು. ಇಂಥ ಕ್ರಿಯೆಗಳ ವೇಗವು ಉಷ್ಣತೆ 10 ಡಿಗ್ರಿ ಏರಿದಾಗಲೆಲ್ಲ ಹೆಚ್ಚುಕಡಿಮೆ ಇಮ್ಮಡಿಯಾಗುವುದೆಂಬುದು ಒಂದು ಸ್ಥೂಲ ನಿಯಮ. ತೆರೆದ ಪಾತ್ರೆಯ 97 ಡಿಗ್ರಿಯಿಂದ 120ರ ಹತ್ತಿರಕ್ಕೆ ನೀರನ್ನು ಏರಿಸಬಲ್ಲೆವಾದರೆ, ಮುಕ್ಕಾಲು ಗಂಟೆಯ ಕೆಲಸ ಹತ್ತು ನಿಮಿಷಗಳಲ್ಲಿ ಮುಗಿಯುವುದು ಆಶ್ಚರ್ಯವಲ್ಲ.

ಹಾಗೆ ಏರಿಸುವ ಉಪಾಯವನ್ನು ಕಂಡುಹಿಡಿದವನು ಫ್ರಾನ್ಸ್ ದೇಶದ ಡೆನಿಸ್ ಪಾಪಿನ್. ಅವನು ಲಂಡನ್ನಿನಲ್ಲಿ ರಾಬರ್ಟ್ ಬಾಯಲನ ಸಹಾಯಕನಾಗಿದ್ದವನು. 1679ರಲ್ಲಿ ಅವನು ಭದ್ರವಾದ ಮುಚ್ಚಳವುಳ್ಳ ಪಾತ್ರೆಯೊಂದನ್ನು ನಿರ್ಮಿಸಿ, ಆವಿಯನ್ನು ಒಳಗೇ ಕೂಡಿಹಾಕಿ ಒತ್ತಡ ಹೆಚ್ಚಿಸಿದನು. 1682ರಲ್ಲಿ ರಾಯಲ್ ಸೊಸೈಟಿಯ ಕೆಲವು ಸದಸ್ಯರಿಗೆ ಇದರಲ್ಲಿ ಬೇಯಿಸಿದ ಭೋಜನವೇ ನಡೆಯಿತು. ಗಟ್ಟಿ ಮೂಳೆಗಳೂ ಮೆತ್ತಗಾಗಿದ್ದುದನ್ನು ಅತಿಥಿಗಳಲ್ಲೊಬ್ಬನಾದ ಜಾನ್ ಈವ್ಲಿನ್ ತನ್ನ ದಿನಚರಿಯಲ್ಲಿ ಬರೆದಿಟ್ಟನು. ಮೂಳೆಗಿಂತ ನಮಗೆ ಮುಖ್ಯವಾದುದು ಪಾತ್ರೆ ಸಿಡಿಯದಂತೆ ಪಾಪಿನ್ ಮಾಡಿದ ಏರ್ಪಾಡು: ಮುಚ್ಚಳದ ಸಣ್ಣ ತೂತಿನ ಮೇಲೆ ಅವನು ಒಂದು ತೂಕವನ್ನು ಕೂರಿಸಿದನು. ನಮ್ಮ ದೇಶದಲ್ಲಿ 1959ರ ಸುಮಾರಿಗೆ ಕುಕ್ಕರುಗಳ ತಯಾರಿಕೆ ಆರಂಭವಾದಾಗ ಅವುಗಳ ತಲೆಯ ಮೇಲೆ ಕುಳಿತದ್ದೂ ಅದೇ ತೂಕದ ವಂಶಸ್ಥನೇ.

ಈ ತೂಕದ ಲೆಕ್ಕ ಬಹು ಸರಳವಾದುದು. ತೂತಿನ ವಿಸ್ತೀರ್ಣ ಚದರ ಸೆಂಟಿಮೀಟರಿನ ಹತ್ತನೆಯ ಒಂದು ಭಾಗವೆಂದೂ ತೂಕ 100 ಗ್ರಾಂ ಎಂದೂ ಇಟ್ಟುಕೊಳ್ಳೋಣ. ಆಗ ಚದರ ಸೆಂಟಿಮೀಟರಿಗೆ 1 ಕಿಲೋಗ್ರಾಂ ಒತ್ತಡ ಒಳಗೆ ಕೂಡುವವರೆಗೆ ತೂಕ ಕದಲುವುದಿಲ್ಲ. ಹೊರಗಿನ ವಾಯುವಿನ ಒತ್ತಡದ ಜೊತೆಗೆ ಇದೂ ಸೇರಿ ನೀರಿನ ಕುದಿಬಿಂದು ಸುಮಾರು 120 ಡಿಗ್ರಿಗೆ ಏರುತ್ತದೆ. ಬೆಂಗಳೂರಿನಲ್ಲಿ ಒಂದೆರಡು ಡಿಗ್ರಿ ಕಡಿಮೆ. ಒತ್ತಡ ಇದನ್ನು ಮೀರಿದೊಡನೆ ತೂಕ ಮೇಲೆದ್ದು ಆವಿ ಸುಯ್ಯೆಂದು ಹೊರಬೀಳುತ್ತದೆ. ಅದೇ ಕೂಗು.

ಈಗ ನಮ್ಮ ವಾದಕ್ಕೆ ಬರೋಣ. ತೂಕವು ಮೇಲೆದ್ದಿತೆಂದರೆ ಒಳಗಿನ ಉಷ್ಣತೆಯು ತಾನು ಮುಟ್ಟಬಹುದಾದ ಮೇರೆಯನ್ನು ಮುಟ್ಟಿತೆಂದೇ ಅರ್ಥ. ಅಲ್ಲಿಂದ ಮುಂದೆ ಉರಿ ದೊಡ್ಡದಾದರೆ ಕೂಗುಗಳು ಹೆಚ್ಚುತ್ತವೆಯೇ ಹೊರತು ಬೇಳೆ ಬೇಗ ಬೇಯುವುದಿಲ್ಲ. ದೊಡ್ಡ ಉರಿಯಲ್ಲಿ ಐದು ನಿಮಿಷಕ್ಕೆ ಐದು ಸಲ ಕೂಗುವ ಪಾತ್ರೆ ಸಣ್ಣ ಉರಿಯಲ್ಲಿ ಅಷ್ಟೇ ಹೊತ್ತಿನಲ್ಲಿ ಒಂದು ಸಲವೂ ಕೂಗದಿರಬಹುದು. ಬೇಳೆ ಎರಡರಲ್ಲಿಯೂ ಸಮನಾಗಿಯೇ ಬೆಂದಿರುತ್ತದೆ. ಕೂಗು ಅಳೆಯುವುದು ಹೊರಗೆ ಹೋದ ಶಾಖವನ್ನು; ಬೇಯಿಸುವುದು ಒಳಗೆ ಉಳಿದ ಶಾಖ. ಕೂಗನ್ನು ಎಣಿಸುವವರನ್ನು ನಾನು ಹಾಸ್ಯಮಾಡುತ್ತಿಲ್ಲ. ಅದೇ ಒಲೆ, ಅದೇ ಉರಿ, ಅದೇ ಕುಕ್ಕರು, ಅದೇ ಅಳತೆಯ ಬೇಳೆ ಎಂದು ನಡೆಯುವ ಮನೆಯಲ್ಲಿ ಆ ಲೆಕ್ಕ ಚೆನ್ನಾಗಿಯೇ ಒದಗುತ್ತದೆ. ಬಾಗಿಲಲ್ಲಿ ರಂಗೋಲಿ ಹಾಕುತ್ತಿರುವವರಿಗೂ ಕೇಳಿಸುತ್ತದೆಂಬುದು ಸಣ್ಣ ಅನುಕೂಲವಲ್ಲ. ಒಲೆ ಬದಲಾದ ದಿನ ಮಾತ್ರ ಲೆಕ್ಕ ಕೆಡುತ್ತದೆ, ದೋಷ ಬೇಳೆ ಮಾರಿದ ಅಂಗಡಿಯವನ ಮೇಲೆ ಬರುತ್ತದೆ!

ನಂಬಿಕೆಯಾಗದವರು ಮನೆಯ ಹಿರಿಯರನ್ನು ಜೊತೆಗಿಟ್ಟುಕೊಂಡು ಪರೀಕ್ಷಿಸಬಹುದು. ಅಳತೆಮಾಡಿದ ಒಂದು ಲೀಟರು ನೀರನ್ನು ಕುಕ್ಕರಿಗೆ ಹಾಕಿ, ಮೊದಲ ಕೂಗಿನ ನಂತರ ಹತ್ತು ನಿಮಿಷ ದೊಡ್ಡ ಉರಿಯಲ್ಲಿಡಿ. ಪೂರ್ತಿ ತಣಿದ ಮೇಲೆ ಉಳಿದ ನೀರನ್ನು ಅಳೆಯಿರಿ. ಮರುದಿನ ಮೊದಲ ಕೂಗಿನ ಕೂಡಲೆ ಉರಿಯನ್ನು ತಗ್ಗಿಸಿ, ಅದೇ ಹತ್ತು ನಿಮಿಷದ ಬಳಿಕ ಅದೇ ರೀತಿ ಅಳೆಯಿರಿ. ಮೊದಲ ದಿನ 100 ಗ್ರಾಂ ನೀರು ಹೆಚ್ಚಾಗಿ ಹೋಗಿದ್ದರೆ, ಅದರೊಡನೆ ಸುಮಾರು 54,000 ಕ್ಯಾಲೊರಿಗಳೂ ಹೋದವು. ಮುಕ್ಕಾಲು ಲೀಟರು ನೀರನ್ನು 25 ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಲು ಅಷ್ಟೇ ಶಾಖ ಸಾಕು. ಅನಿಲದ ಸಿಲಿಂಡರು ತಿಂಗಳ ಕೊನೆಯವರೆಗೆ ಬರಲಿಲ್ಲವೆಂದು ಗೊಣಗುವ ಮನೆಯಲ್ಲಿ ಈ ಗುಣಾಕಾರವನ್ನು ಬರೆದು ಗೋಡೆಗೆ ಅಂಟಿಸಬಹುದು.

ಇನ್ನೊಂದು ವಿಷಯವುಂಟು. ಕುಕ್ಕರು ಕೂಗಿದರೂ ಬೇಳೆ ಗಟ್ಟಿಯಾಗಿಯೇ ಉಳಿಯುವುದಕ್ಕೆ ಒಳಗೆ ಸಿಕ್ಕಿಕೊಂಡ ಗಾಳಿ ಕಾರಣವಾಗಿರಬಹುದು. ಗಾಳಿ ಮತ್ತು ಆವಿ ಬೆರೆತಾಗ ಒಟ್ಟು ಒತ್ತಡದಲ್ಲಿ ಎರಡಕ್ಕೂ ಪಾಲಿರುತ್ತದೆ. ತೂಕ ಮೇಲೇಳುವಷ್ಟು ಒತ್ತಡ ಕೂಡಿದರೂ ಆವಿಯ ಪಾಲು ಕಡಿಮೆಯಾದುದರಿಂದ ಉಷ್ಣತೆ 120ಕ್ಕೆ ತಲುಪಿರುವುದಿಲ್ಲ. ಮೇಲೆ ತೂಕ ಕೂರಿಸುವ ಬಗೆಯ ಕುಕ್ಕರಿನಲ್ಲಿ, ತೂತಿನಿಂದ ಆವಿ ಒಂದೇ ಸಮನೆ ಬರತೊಡಗಿದ ಮೇಲೆಯೇ ತೂಕವನ್ನು ಇಡಬೇಕೆಂಬುದು ಇದಕ್ಕಾಗಿಯೇ. ಗಡಸು ನೀರಿನ ಸಂಗತಿ ಬೇರೆ. ಕೊಳವೆಬಾವಿಯ ನೀರಿನಲ್ಲಿರುವ ಕ್ಯಾಲ್ಸಿಯಂ ಪೆಕ್ಟಿನ್ನನ್ನು ಬಿಗಿಗೊಳಿಸುತ್ತದೆ. ಹುಣಿಸೆಹುಳಿಯನ್ನು ಮೊದಲೇ ಹಾಕಿದರೂ ಅದು ಕರಗಲು ತಡವಾಗುತ್ತದೆ. ಬೇಳೆ ಬೆಂದ ಮೇಲೆ ಹುಳಿ ಬೆರೆಸುವ ನಮ್ಮ ಅಜ್ಜಿಯರ ಪದ್ಧತಿಗೆ ರಸಾಯನಶಾಸ್ತ್ರದ ಒಪ್ಪಿಗೆಯೂ ಇದೆ.

ಕೊನೆಯದಾಗಿ ಮುಚ್ಚಳ ತೆಗೆಯುವ ಅವಸರದ ವಿಚಾರ. 20 ಸೆಂಟಿಮೀಟರು ವ್ಯಾಸದ ಮುಚ್ಚಳದ ವಿಸ್ತೀರ್ಣ 314 ಚದರ ಸೆಂಟಿಮೀಟರು. ಒಳಗಿನ ಒತ್ತಡವು ಹೊರಗಿನದಕ್ಕಿಂತ ಚದರ ಸೆಂಟಿಮೀಟರಿಗೆ 1 ಕಿಲೋಗ್ರಾಂ ಹೆಚ್ಚಾಗಿದ್ದರೆ ಆ ಮುಚ್ಚಳವನ್ನು ಒತ್ತುತ್ತಿರುವ ಬಲ 314 ಕಿಲೋಗ್ರಾಂ, ಎಂದರೆ ಮೂರು ಕ್ವಿಂಟಲಿಗೂ ಹೆಚ್ಚು. ತೂಕವನ್ನು ಸೌಟಿನಿಂದ ಎತ್ತಿಹಿಡಿದು ಆವಿ ಬಿಡುವುದೂ ಅಪಾಯವೇ. 120 ಡಿಗ್ರಿಯ ನೀರಿನ ಮೇಲಿನ ಒತ್ತಡ ತಟ್ಟನೆ ಇಳಿದರೆ ನೀರು ಒಮ್ಮೆಲೇ ಭೋರೆಂದು ಕುದಿದು, ಒಂದು ಲೀಟರಿನಲ್ಲಿ ಸುಮಾರು 40 ಗ್ರಾಂ ಆವಿಯಾಗುತ್ತದೆ. ಆ ಆವಿ ಹಿಡಿಸಲು ಅರವತ್ತು ಲೀಟರಿಗೂ ಮಿಗಿಲಾದ ಜಾಗ ಬೇಕು. ಬೇಳೆಯ ನೊರೆ ಚಾವಣಿಗೆ ಹಾರುವುದು ಹೀಗೆ.

ನಮ್ಮ ನೆರೆಯ ಮನೆಯೊಂದರಲ್ಲಿ ತೊಗರಿಯ ಹೊಟ್ಟು ತೂತಿಗೆ ಅಡ್ಡಲಾಗಿ ನಿಂತು ಕುಕ್ಕರು ಕೂಗದೆಯೇ ಉಳಿಯಿತು. ಮೂರು ಕೂಗಿಗಾಗಿ ಕಾದು ಕುಳಿತಿದ್ದ ಆ ಮನೆಯಾಕೆ ಉರಿಯನ್ನು ಆರಿಸಲೇ ಇಲ್ಲ. ಸೇಫ್ಟಿ ವಾಲ್ವಿನೊಳಗಿನ ಮಿಶ್ರಲೋಹವು ಕರಗಿ ದಾರಿಕೊಟ್ಟಿದ್ದರಿಂದ ಆವಿಯೆಲ್ಲ ಅಲ್ಲಿಂದ ನುಗ್ಗಿ, ಗೋಡೆಯೆಲ್ಲ ಹಳದಿಯಾಯಿತೇ ಹೊರತು ಯಾರಿಗೂ ಗಾಯವಾಗಲಿಲ್ಲ. ಈಗ ಆಕೆ ಪ್ರತಿದಿನವೂ ಮುಚ್ಚಳವನ್ನು ಬೆಳಕಿಗೆ ಹಿಡಿದು, ತೂತಿನಲ್ಲಿ ಆಚೆಯ ಬೆಳಕು ಕಂಡ ಮೇಲೆಯೇ ಒಲೆ ಹಚ್ಚುತ್ತಾರೆ.