ನಾಯಿಮರಿಯ ಹಲ್ಲೂ ಮನೆಯ ಕಾಲ್ಮರಿಯೂ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆ ತೋಟದ ಮನೆಯೆಂದರೆ ಅಲ್ಲೊಂದು ನಾಯಿ ಇರಬೇಕಾದುದೇ. ಕೆಲವರು ಊರ ನಾಯಿಯ ಮರಿಯನ್ನು ಸಾಕುತ್ತಾರೆ. ಕೆಲವರು ನೆರೆಯ ಮುಧೋಳದಿಂದ ಬೇಟೆನಾಯಿಯ ಮರಿಯನ್ನು ತರುತ್ತಾರೆ. ಮರಿ ಬಂದ ಹೊಸತರಲ್ಲಿ ಮನೆಯವರಿಗೆಲ್ಲ ಸಂಭ್ರಮ. ಒಂದೆರಡು ತಿಂಗಳಲ್ಲಿಯೇ ದೂರುಗಳು ಮೊದಲಾಗುತ್ತವೆ. ಪಡಸಾಲೆಯಲ್ಲಿ ಬಿಟ್ಟ ಕಾಲ್ಮರಿಯ ಪಟ್ಟಿ ತುಂಡಾಗಿದೆ. ಕೌದಿಯ ಅಂಚು ಹರಿದಿದೆ. ಮಂಚದ ಕಾಲಿನ ಮೇಲೆ ಹಲ್ಲಿನ ಗುರುತು ಮೂಡಿದೆ. ಮರಿಗೆ ಏಟು ಬೀಳುತ್ತದೆ. ಏಟಿನಿಂದ ಫಲ ಕಾಣದಿದ್ದರೆ ದಿನವಿಡೀ ಗಿಡ್ಡ ಸರಪಳಿ, ಇಲ್ಲವೆ ಊರಾಚೆ ಬಿಟ್ಟುಬರುವುದು. ಇಷ್ಟೊಂದು ಶಿಕ್ಷೆಗೆ ಮರಿ ಮಾಡಿದ ಅಪರಾಧವಾದರೂ ಏನು? ತೀರ್ಪು ಕೊಡುವುದಕ್ಕೆ ಮೊದಲು ಅದರ ಬಾಯನ್ನೊಮ್ಮೆ ನೋಡೋಣ.

ಹಲ್ಲು ಮೂಡುವ ಕಾಲ

ಹುಟ್ಟುವಾಗ ನಾಯಿಮರಿಗೆ ಹಲ್ಲಿರುವುದಿಲ್ಲ. ಸುಮಾರು ಮೂರನೆಯ ವಾರದಿಂದ ಸೂಜಿಮೊನೆಯಂಥ ಹಾಲುಹಲ್ಲುಗಳು ಮೂಡತೊಡಗಿ, ಎರಡು ತಿಂಗಳೊಳಗಾಗಿ ಅವುಗಳ ಸಂಖ್ಯೆ 28 ಆಗುತ್ತದೆ. ನಾಲ್ಕನೆಯ ತಿಂಗಳ ಸುಮಾರಿಗೆ ಇವು ಉದುರಲಾರಂಭಿಸುತ್ತವೆ. ಆರೇಳು ತಿಂಗಳು ತುಂಬುವಾಗ 42 ಶಾಶ್ವತ ಹಲ್ಲುಗಳು ಬಂದಿರುತ್ತವೆ. ನಮ್ಮ ಮಕ್ಕಳಲ್ಲಿ ಹಲವು ವರ್ಷ ನಡೆಯುವ ಕಾರ್ಯ ಇಲ್ಲಿ ಕೆಲವೇ ತಿಂಗಳಲ್ಲಿ ಮುಗಿಯುತ್ತದೆ. ಆಗ ವಸಡು ಬಾತು ನೋಯುತ್ತದೆ. ಗಟ್ಟಿಯಾದ ವಸ್ತುವನ್ನು ಹಲ್ಲಿನ ನಡುವೆ ಒತ್ತಿದರೆ ನೋವು ತುಸು ಶಮನವಾಗುತ್ತದೆ.

ಇನ್ನೊಂದು ಮಾತು. ಕೂಸು ಕೈಯಿಂದ ಮುಟ್ಟಿ ತಿಳಿಯುವುದನ್ನು ಮರಿ ಬಾಯಿಂದ ತಿಳಿಯಬೇಕು. ಕಾಲ್ಮರಿ ನಮ್ಮ ಪಾಲಿಗೆ ಪಾದರಕ್ಷೆ. ಮರಿಯ ಪಾಲಿಗೆ ಅದು ಒಡೆಯನ ಬೆವರಿನ ವಾಸನೆ ಹತ್ತಿದ ತೊಗಲಿನ ತುಂಡು. ಇದಕ್ಕಿಂತ ರುಚಿಕರವಾದ ವಸ್ತು ಮನೆಯಲ್ಲಿ ಮತ್ತೊಂದಿರಲಾರದು!

ಅಡಕೊತ್ತಿನ ನ್ಯಾಯ

ಮರಿಯು ಕಾಲ್ಮರಿಯನ್ನು ಮುಂಬಲ್ಲಿನಿಂದ ಎತ್ತಿಕೊಳ್ಳುತ್ತದೆ. ಆದರೆ ಅಗಿಯುವಾಗ ತಲೆಯನ್ನು ಓರೆಮಾಡಿ, ಅದನ್ನು ಬಾಯಿಯ ಪಕ್ಕಕ್ಕೆ ತಳ್ಳುತ್ತದೆ. ಇದೇಕೆ? ಅಡಕೆಯನ್ನು ಅಡಕೊತ್ತಿನ ತುದಿಯಲ್ಲಿಟ್ಟು ಒತ್ತಿದರೆ ಅದು ಒಡೆಯದು. ಕೀಲಿನ ಬಳಿ ಇಟ್ಟರೆ ಸುಲಭವಾಗಿ ಹೋಳಾಗುತ್ತದೆ. ದವಡೆಯೂ ಅಂತೆಯೇ ಕಿವಿಯ ಬಳಿ ಕೀಲುಳ್ಳ ಒಂದು ಸನ್ನೆಗೋಲು. ಸ್ನಾಯುವಿನ ಎಳೆತ ಅಷ್ಟೇ ಇದ್ದರೂ, ಕೀಲಿನಿಂದ ಹಲ್ಲಿಗಿರುವ ದೂರ ಅರ್ಧವಾದರೆ ಅಲ್ಲಿ ಬೀಳುವ ಬಲ ಇಮ್ಮಡಿಯಾಗುತ್ತದೆ. ನಾಯಿಯ ಅತಿ ಬಲವಾದ ಕತ್ತರಿಹಲ್ಲುಗಳು, ಎಂದರೆ ಮೇಲ್ದವಡೆಯ ನಾಲ್ಕನೆಯ ಮುಂದವಡೆ ಹಲ್ಲು ಮತ್ತು ಕೆಳದವಡೆಯ ಮೊದಲನೆಯ ದವಡೆಹಲ್ಲು, ಹಿಂಭಾಗದಲ್ಲಿಯೇ ಇವೆ.

ಈ ನ್ಯಾಯದಿಂದ ಒಂದು ಎಚ್ಚರಿಕೆಯೂ ಹೊರಡುತ್ತದೆ. ಹಲ್ಲು ವಸ್ತುವನ್ನು ಎಷ್ಟು ಬಲದಿಂದ ಒತ್ತುವುದೋ ವಸ್ತುವೂ ಹಲ್ಲನ್ನು ಅಷ್ಟೇ ಬಲದಿಂದ ಒತ್ತುತ್ತದೆ. ಆದ್ದರಿಂದ ಒಣಗಿದ ಎಲುಬು, ಕೋಡು, ಕಲ್ಲುಗಳನ್ನು ಅಗಿಯಲು ಬಿಟ್ಟರೆ ಕತ್ತರಿಹಲ್ಲೇ ಸೀಳಬಹುದು. ಬೇಯಿಸಿದ ಎಲುಬು ಚೂಪಾಗಿ ಒಡೆದು ಕರುಳನ್ನು ಗಾಯಗೊಳಿಸಬಹುದು. ನಮ್ಮ ಉಗುರೂರಿದರೆ ತುಸುವಾದರೂ ತಗ್ಗುವ ವಸ್ತುವೇ ಮರಿಗೆ ತಕ್ಕುದು.

ತಪ್ಪೊಪ್ಪಿಕೊಂಡ ಮುಖ

‘ಮಾಡಿದ್ದು ತಪ್ಪೆಂದು ಅದಕ್ಕೂ ಗೊತ್ತು, ಮುಖ ನೋಡಿದರೆ ತಿಳಿಯುವುದಿಲ್ಲವೇ?’ ಎನ್ನುವವರುಂಟು. ಅಮೆರಿಕೆಯ ಅಲೆಕ್ಸಾಂಡ್ರಾ ಹೊರೊವಿಟ್ಸ್ ಎಂಬ ವಿಜ್ಞಾನಿ 2009ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ನಂಬಿಕೆಯನ್ನು ಒರೆಗೆ ಹಚ್ಚಿತು. ಒಡೆಯರು ತಿಂಡಿಯೊಂದನ್ನು ತೋರಿಸಿ, ತಿನ್ನಬಾರದೆಂದು ನಾಯಿಗೆ ಹೇಳಿ ಹೊರಗೆ ಹೋದರು. ಕೆಲವು ಸಲ ನಾಯಿ ಅದನ್ನು ತಿಂದಿತು. ಕೆಲವು ಸಲ ತಿನ್ನಲಿಲ್ಲ. ಆದರೆ ಒಡೆಯರಿಗೆ ತಿಳಿಸಿದ ಸಂಗತಿ ಯಾವಾಗಲೂ ನಿಜವಾಗಿರಲಿಲ್ಲ. ಫಲಿತಾಂಶವೇನು? ಬೈಗುಳ ತಿಂದ ನಾಯಿಗಳೇ ತಪ್ಪಿತಸ್ಥರ ಮುಖ ಮಾಡಿದವು; ತಿಂಡಿ ತಿಂದಿದ್ದವೋ ಇಲ್ಲವೋ ಎಂಬುದಕ್ಕೂ ಆ ಮುಖಕ್ಕೂ ಸಂಬಂಧ ಕಾಣಲಿಲ್ಲ. ಬಾಲ ಮುದುರಿ, ಕಿವಿ ಹಿಂದಕ್ಕಿಟ್ಟ ಆ ಮುಖ ಪಶ್ಚಾತ್ತಾಪದ ಗುರುತಲ್ಲ. ನಮ್ಮ ಕೋಪಕ್ಕೆ ಕೊಟ್ಟ ಉತ್ತರ.

ಬೆಳಗ್ಗೆ ಹರಿದ ಕೌದಿಗಾಗಿ ಸಂಜೆ ಹೊಡೆದರೆ ಮರಿ ಕಲಿಯುವುದು ಇಷ್ಟೆ: ಒಡೆಯ ಮನೆಗೆ ಬಂದರೆ ನೋವಾಗುತ್ತದೆ. ಕ್ರಿಯೆಗೂ ಫಲಕ್ಕೂ ನಡುವೆ ಕೆಲವೇ ಕ್ಷಣಗಳ ಅಂತರವಿದ್ದರೆ ಮಾತ್ರ ಅದರ ಮನಸ್ಸಿನಲ್ಲಿ ಅವೆರಡರ ಗಂಟು ಬೀಳುತ್ತದೆ.

ಮಾಡಬೇಕಾದುದೇನು?

ಅಗಿಯುವುದನ್ನು ನಿಲ್ಲಿಸುವುದು ನಮ್ಮ ಕೈಲಾಗದು. ಏನನ್ನು ಅಗಿಯಬೇಕೆಂಬುದನ್ನು ನಿಶ್ಚಯಿಸುವುದು ಕೈಲಾಗುತ್ತದೆ. ಮೊದಲು ಕಾಲ್ಮರಿಗಳು ಮಾಡವನ್ನೋ ಎತ್ತರದ ಹಲಗೆಯನ್ನೋ ಸೇರಲಿ. ಬಳಿಕ ಮರಿಗೆ ಅದರದೇ ವಸ್ತುವನ್ನು ಕೊಡಬೇಕು: ಗಟ್ಟಿ ರಬ್ಬರಿನ ಆಟಿಕೆ, ಗಜ್ಜರಿಯ ತುಂಡು, ಗಂಟುಹಾಕಿದ ದಪ್ಪ ಬಟ್ಟೆ. ಬಟ್ಟೆಯನ್ನು ಮಣ್ಣಿನ ಗಡಿಗೆಯ ನೀರಿನಲ್ಲದ್ದಿ ಕೊಟ್ಟರೆ ಬಾತ ವಸಡಿಗೆ ತಂಪು ಹಿತ. ನುಂಗದಂತೆ ಎದುರಿಗಿದ್ದು ನೋಡಿಕೊಳ್ಳಬೇಕು. ಹಳೆಯ ಕಾಲ್ಮರಿಯನ್ನು ಆಟಕ್ಕೆ ಕೊಡಲಾಗದು. ಹಳತು ಹೊಸತುಗಳ ಭೇದ ಮರಿಗೆ ತಿಳಿಯದು.

ಬಾಯಲ್ಲಿ ಹಿಡಿದುದನ್ನು ಕಸಿಯಲು ಬೆನ್ನಟ್ಟಿದರೆ ಅದೊಂದು ಆಟವಾಗುತ್ತದೆ. ಬದಲಾಗಿ ರೊಟ್ಟಿಯ ಚೂರನ್ನು ತೋರಿಸಿ ‘ಬಿಡು’ ಎನ್ನಬೇಕು. ಬಿಟ್ಟೊಡನೆ ಚೂರನ್ನು ಕೊಟ್ಟು, ಅದರ ಆಟಿಕೆಯನ್ನು ಮುಂದಿಡಬೇಕು. ಕಟ್ಟಿಗೆಗೆ ಖಾರದ ಪುಡಿ ಸವರುವುದು ಸಲ್ಲದು. ಖಾರವು ರುಚಿಯಲ್ಲ, ಉರಿ, ಕಣ್ಣುಮೂಗುಗಳಿಗೆ ಹಿಂಸೆ.

ಹಲ್ಲು ಬಲಿತ ಮೇಲೂ ಅಗಿಯುವ ನಾಯಿಗೆ ಬಹುಮಟ್ಟಿಗೆ ಬೇಸರವೇ ಕಾರಣ. ಮುಧೋಳದ ತಳಿಯು ಬಯಲಿನಲ್ಲಿ ಮೊಲವನ್ನು ಅಟ್ಟುವುದಕ್ಕೆಂದು ಬೆಳೆದದ್ದು. ಅದನ್ನು ಹಗಲೆಲ್ಲ ಕಟ್ಟಿಹಾಕಿದರೆ ಕಾಲಿನ ಕಸುವು ದವಡೆಗೆ ಬರುತ್ತದೆ. ಬೆಳಗ್ಗೆ ಸಂಜೆ ಓಡಾಟವೇ ಅದಕ್ಕೆ ಮದ್ದು.

ಪ್ರಾಣಕ್ಕೆ ಎರವಾಗುವ ವಸ್ತುಗಳು

ಕಾಲ್ಮರಿ ಹೋದರೆ ಮತ್ತೊಂದು ತರಬಹುದು. ಆದರೆ ದ್ರಾಕ್ಷಿಯ ಈ ಜಿಲ್ಲೆಯಲ್ಲಿ ಒಣದ್ರಾಕ್ಷಿ ಮನೆಮನೆಯಲ್ಲಿದೆ. ದ್ರಾಕ್ಷಿ, ಒಣದ್ರಾಕ್ಷಿಗಳು ನಾಯಿಯ ಮೂತ್ರಪಿಂಡಗಳನ್ನು ಕೆಡಿಸಬಲ್ಲವು. ಎಷ್ಟು ತಿಂದರೆ ಅಪಾಯವೆಂದು ಮುಂದಾಗಿ ಹೇಳುವಂತಿಲ್ಲ. ಉಳ್ಳಾಗಡ್ಡಿಯು ಕೆಂಪು ರಕ್ತಕಣಗಳನ್ನು ನಾಶಮಾಡುತ್ತದೆ. ಕೀಟನಾಶಕದ ಖಾಲಿ ಡಬ್ಬಿಯೂ ವಿಷವೇ. ಇಂಥದನ್ನು ತಿಂದಿದ್ದರೆ ಲಕ್ಷಣಗಳಿಗಾಗಿ ಕಾಯದೆ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಪಂಪಿನ ತಂತಿಯದು ಇನ್ನೂ ಘೋರ. ಒದ್ದೆಬಾಯಿಯು ವಿದ್ಯುತ್ತಿಗೆ ಒಡ್ಡುವ ತಡೆ ಅತ್ಯಲ್ಪ. 230 ವೋಲ್ಟಿಗೆ ಸ್ನಾಯುಗಳು ಸೆಟೆದು, ಕಚ್ಚಿದ ದವಡೆ ಬಿಡದೆ ಹೋಗಬಹುದು. ಆಗ ಮರಿಯನ್ನು ಮುಟ್ಟದೆ ಮೊದಲು ಸ್ವಿಚ್ಚನ್ನು ಆರಿಸಬೇಕು. ಮರಿ ಎದ್ದು ಓಡಾಡಿದರೂ ವೈದ್ಯರಿಗೆ ತೋರಿಸಬೇಕು; ಕೆಲವು ಗಂಟೆಗಳ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವುದುಂಟು. ತಂತಿಯನ್ನು ಕೊಳವೆಯೊಳಗೆ ಸಾಗಿಸುವುದೇ ಸರಿಯಾದ ಉಪಾಯ.

ಹಲ್ಲು ಹುಟ್ಟುವ ಕಾಲ ಕೆಲವೇ ತಿಂಗಳು. ಅಷ್ಟು ದಿನ ನಾವು ತಾಳ್ಮೆಯಿಂದ ಕಾಲ್ಮರಿಯನ್ನು ಎತ್ತಿಟ್ಟರೆ, ಮುಂದೆ ಹತ್ತು ಹನ್ನೆರಡು ವರ್ಷ ಆ ನಾಯಿ ನಮ್ಮ ಬಾಗಿಲು ಕಾಯುತ್ತದೆ.