ತಂತ್ರಾಂಶಕ್ಕೂ ಬೇಕು ತಿದ್ದುಪಡಿಗಳ ಲೆಕ್ಕ

ಬಿಲ್ಲಿಂಗ್, ದಾಸ್ತಾನು ಹಾಗೂ ವೇತನದ ಲೆಕ್ಕಕ್ಕಾಗಿ ಹೊರಗಿನವರಿಂದ ತಂತ್ರಾಂಶ ಬರೆಸಿಕೊಳ್ಳುವ ಸಣ್ಣ ಉದ್ದಿಮೆಗಳು ಅನೇಕ. ತೆರಿಗೆಯ ದರ ಬದಲಾದಾಗಲೆಲ್ಲ ಅದನ್ನು ತಿದ್ದಬೇಕಾಗುತ್ತದೆ. ಯಾವ ತಿದ್ದುಪಡಿಯನ್ನು ಯಾರು, ಎಂದು, ಏಕೆ ಮಾಡಿದರೆಂಬ ದಾಖಲೆ ಇಲ್ಲದಿದ್ದರೆ ತಪ್ಪು ಬಿಲ್ಲಿನ ಮೂಲವನ್ನು ಹುಡುಕುವುದು ಕಷ್ಟಸಾಧ್ಯ. ಈ ದಾಖಲೆಯನ್ನಿಡುವ ಸಾಧನವೇ ಆವೃತ್ತಿ ನಿಯಂತ್ರಣ ವ್ಯವಸ್ಥೆ.

ಹಿನ್ನೆಲೆ

ಕೇಂದ್ರೀಕೃತ ಪದ್ಧತಿಯಲ್ಲಿ ಪೂರ್ಣ ಇತಿಹಾಸವು ಒಂದೇ ಸರ್ವರ್‌ನಲ್ಲಿರುತ್ತದೆ. ವಿಕೇಂದ್ರೀಕೃತ ಪದ್ಧತಿಯಲ್ಲಾದರೋ ಪ್ರತಿಯೊಬ್ಬ ತಂತ್ರಜ್ಞನ ಬಳಿಯೂ ಸಾಮಾನ್ಯವಾಗಿ ಅದರ ಸಂಪೂರ್ಣ ಪ್ರತಿ ಇರುತ್ತದೆ. ಲಿನಕ್ಸ್ ಯೋಜನೆಯು 2002ರಿಂದ ಬಳಸುತ್ತಿದ್ದ ಬಿಟ್‌ಕೀಪರ್ ತಂತ್ರಾಂಶದ ಉಚಿತ ಬಳಕೆಗೆ 2005ರಲ್ಲಿ ತೆರೆಬಿದ್ದಾಗ, ಲಿನಸ್ ಟೋರ್ವಾಲ್ಡ್ಸ್ ಅದೇ ಏಪ್ರಿಲ್‌ನಲ್ಲಿ 'ಗಿಟ್' ರಚನೆಗೆ ತೊಡಗಿದರು. ಇತರರ ಪರವಾನಗಿಯನ್ನೇ ನೆಚ್ಚಿದವರು ಗಮನಿಸಬೇಕಾದ ಸಂಗತಿಯಿದು.

ಕಾರ್ಯವಿಧಾನ

1. ತಿದ್ದುಪಡಿಯನ್ನು ದಾಖಲಿಸುವುದಕ್ಕೆ 'ಕಮಿಟ್' ಎನ್ನುತ್ತಾರೆ. ಜರ್ನಲ್ ನಮೂದಿನಂತೆ ಇದರಲ್ಲಿಯೂ ದಿನಾಂಕ, ಹೆಸರು ಹಾಗೂ ವಿವರಣೆ ಇರುತ್ತವೆ.

2. ಪ್ರತಿ ಕಮಿಟ್‌ಗೂ ಅದರ ಒಳವಿವರದಿಂದಲೇ ಲೆಕ್ಕಹಾಕಿದ ಗುರುತುಸಂಖ್ಯೆಯಿದ್ದು, ಅದರಲ್ಲಿ ಹಿಂದಿನ ಕಮಿಟ್‌ನ ಗುರುತೂ ಸೇರಿರುತ್ತದೆ. ಹಳೆಯದನ್ನು ತಿದ್ದಿದರೆ ಅನಂತರದ ಸಂಖ್ಯೆಗಳೆಲ್ಲ ಬದಲಾಗುತ್ತವೆ. ಬೇರೊಂದು ಪ್ರತಿಯೊಡನೆ ತಾಳೆ ನೋಡಿದರೆ ವ್ಯತ್ಯಾಸ ಬಯಲಾಗುತ್ತದೆ.

3. ಹೊಸ ಪ್ರಯೋಗವನ್ನು 'ಬ್ರಾಂಚ್'ನಲ್ಲಿ ಪ್ರತ್ಯೇಕವಾಗಿ ನಡೆಸಿ, ಪರೀಕ್ಷಿಸಿದ ಬಳಿಕ ಮೂಲಕ್ಕೆ ಸೇರಿಸಬಹುದು. ಇಬ್ಬರು ಒಂದೇ ಸಾಲನ್ನು ಭಿನ್ನವಾಗಿ ತಿದ್ದಿದ್ದರೆ ಯಾವುದನ್ನು ಉಳಿಸಬೇಕೆಂದು ಮನುಷ್ಯರೇ ತೀರ್ಮಾನಿಸಬೇಕು.

ಉದ್ಯಮಿಗಳು ಗಮನಿಸಬೇಕಾದುದು

ಕಂಪನಿಗಳು ಬಳಸುವ ಲೆಕ್ಕಪತ್ರ ತಂತ್ರಾಂಶವು ಪ್ರತಿ ವ್ಯವಹಾರದ ತಿದ್ದುಪಡಿಯ ಜಾಡನ್ನು ದಾಖಲಿಸುವುದು 2023ರ ಏಪ್ರಿಲ್ 1ರಿಂದ ಕಡ್ಡಾಯ. ಅದು ನಮೂದುಗಳ ಜಾಡು. ಗಿಟ್ ಇಡುವುದು ತಂತ್ರಾಂಶದ ಸೋರ್ಸ್ ಕೋಡ್‌ನ ಜಾಡು. ಒಂದು ಇನ್ನೊಂದಕ್ಕೆ ಬದಲಿಯಲ್ಲ.

ಗಿಟ್ ಬಳಸಿದ ಮಾತ್ರಕ್ಕೆ ಎಲ್ಲವೂ ಸುರಕ್ಷಿತವೆನ್ನಲಾಗದು. ಕಮಿಟ್ ಮಾಡದ ಕೆಲಸ ದಾಖಲಾಗುವುದಿಲ್ಲ. ಒಮ್ಮೆ ಸೇರಿಸಿದ ಪಾಸ್‌ವರ್ಡ್ ಅನ್ನು ಮುಂದೆ ಅಳಿಸಿದರೂ ಹಳೆಯ ಕಮಿಟ್‌ಗಳಲ್ಲಿ ಅದು ಉಳಿದಿರುತ್ತದೆ. ಎಲ್ಲಕ್ಕೂ ಮಿಗಿಲಾಗಿ, ಬರೆದವರ ಬಳಿ ಮಾತ್ರ ಪ್ರತಿಯಿದ್ದರೆ ತಾಳೆ ನೋಡಲು ಎರಡನೆಯ ಪುಸ್ತಕವೇ ಇಲ್ಲದಂತಾಗುತ್ತದೆ. ಅವರು ಕೆಲಸ ಬಿಟ್ಟರೆ ತಿದ್ದುವುದೂ ದುಸ್ತರ.

ಆದ್ದರಿಂದ ಇತಿಹಾಸಸಹಿತವಾದ ಸಂಪೂರ್ಣ ಪ್ರತಿಯನ್ನು ಕಾಲಕಾಲಕ್ಕೆ ಒಪ್ಪಿಸತಕ್ಕದ್ದೆಂದು, ಸೋರ್ಸ್ ಕೋಡ್‌ನ ಹಕ್ಕು ಯಾರದೆಂದು ಒಪ್ಪಂದದಲ್ಲಿಯೇ ಬರೆಸಿಕೊಳ್ಳಬೇಕು. ಅಂತಿಮ ಕಂತನ್ನು ಪಾವತಿಸುವ ಮುನ್ನ ಆ ಪ್ರತಿಯಿಂದ ತಂತ್ರಾಂಶವನ್ನು ಬೇರೊಂದು ಗಣಕದಲ್ಲಿ ಸಿದ್ಧಪಡಿಸಿ, ನಡೆಸಿ ನೋಡುವುದು ಲೇಸು.